ಮೊದಲು ಕಾಲು, ಆಮೇಲೆ ಕೈ

ಸೀರೆಯ ನೆರಿಗೆಯನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ಚಳ್ಳಕೆರೆಯ ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಹತ್ತಿದ ಮೊದಲ ಹೆಂಗಸು ನಮ್ಮ ಸೋದರತ್ತೆ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಎರಡನೆಯವಳು ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ನಮ್ಮತ್ತೆಯಷ್ಟು ಜಗಳ ಮಾಡಿ ಹತ್ತುವವಳು ಹುಟ್ಟುವುದಿಲ್ಲ ಎಂದು ಬೇಕಾದರೆ ಬರೆದು ಕೊಡುತ್ತೇನೆ!

ನೀವು ವ್ಯಾಯಾಮ ಮಾಡುವವರಾದರೆ ಈ ಪ್ರಶ್ನೆ ನಿಮ್ಮನ್ನೂ ಕಾಡಿರಬಹುದು. ಮೊದಲು ಓಡಬೇಕೋ, ಮೊದಲು ತೂಕ ಎತ್ತಬೇಕೋ? ಮಾಡದವರಾದರೆ ಕಾಡಿರುವುದಿಲ್ಲ, ನಿಮ್ಮಷ್ಟು ಸುಖಿಗಳು ಯಾರಿದ್ದಾರೆ? ನಾನೂ ಆ ಸುಖಿಗಳ ಗುಂಪಿಗೇ ಸೇರಿದವನು. ಜಿಮ್ಮಿಗೆ ಹೆಸರು ಬರೆಸಿ, ಅದಕ್ಕೆಂದೇ ಒಂದು ತೋಳಿಲ್ಲದ ಬನಿಯನ್ನು ಕೊಂಡುತಂದು, ಅದನ್ನು ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಿದ್ದೆ. ಹೀಗೆ ಆರಾಮವಾಗಿದ್ದವನ ಬಾಳಿಗೆ ಅತ್ತೆ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬಂದಳು.

ಬಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತೆ ರೇಷ್ಮೆ ಸೀರೆ ನೇಯುವವಳು. ಅವಳದು ಗುಂಡಿ ಮಗ್ಗ. ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂರಬೇಕು. ಕೆಳಗೆ ಕಾಲಿನಿಂದ ಹಲಗೆ ತುಳಿಯಬೇಕು, ಮೇಲೆ ಕೈಯಿಂದ ಲಾಳಿ ಓಡಿಸಬೇಕು. ಮನೆಯ ನಡುಕೋಣೆಯಲ್ಲಿ ಇಂಥವು ಎರಡಿದ್ದವು, ಒಂದು ಮಾವನದು, ಒಂದು ಅತ್ತೆಯದು. ಮಾವ ತೀರಿಕೊಂಡ ಮೇಲೆ ಅವರ ಮಗ್ಗ ಬಿಚ್ಚಿ ಗುಂಡಿ ಮುಚ್ಚಿದರು. ಉಳಿದದ್ದು ಅತ್ತೆಯ ಗುಂಡಿ ಮಾತ್ರ.

ಅದಾದ ಮೇಲೆ ಮೊದಲ ಸಲ ನೇಯಲು ಕೂತ ದಿನ, ಮಧ್ಯಾಹ್ನ ಅತ್ತೆ ಆ ಗುಂಡಿಯಿಂದ ಏಳಲು ಹೋದಳು. ಮೊಣಕಾಲು ಒಪ್ಪಲಿಲ್ಲ. ಮಗ ಅದೇ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಜೆ ಅವನು ಮನೆಗೆ ಬಂದು ನೋಡಿದರೆ ಅವ್ವ ಗುಂಡಿಯಲ್ಲೇ ಇದ್ದಾಳೆ! ಮಧ್ಯಾಹ್ನದ ಮುದ್ದೆ ಒಲೆಯ ಪಕ್ಕದಲ್ಲಿ ಒಣಗಿ ಕಲ್ಲಾಗಿದೆ.

"ಅವ್ವಾ! ಸಿಕ್ಕಾಕ್ಕೊಂಡಿದೀಯಾ?"

"ಸಿಕ್ಕಾಕ್ಕೊಳ್ಳೋಕೆ ನಾನೇನು ಇಲೀನಾ? ಕೂತಿದೀನಿ."

"ಯಾವಾಗಿಂದ?"

"ಕೂರೋಕೂ ಟೈಮ್ ನೋಡ್ಬೇಕಾ?"

ಪಕ್ಕದ ಮನೆಯ ಇಬ್ಬರು ಸೇರಿ, ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ಅವಳನ್ನು ಮೇಲಕ್ಕೆ ಎಳೆದರಂತೆ. ಮಗ ಅವತ್ತು ನಿಜಕ್ಕೂ ಹೆದರಿಬಿಟ್ಟ. ಮರುದಿನವೇ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸುತ್ತೇನೆಂದು ಹಟ ಹಿಡಿದ. ಅತ್ತೆಯೂ ಹಟ ಹಿಡಿದಳು. ಕೊನೆಗೆ ನನ್ನನ್ನು ಫೋನಿನಲ್ಲಿ ಪಂಚಾಯ್ತಿಗೆ ಕೂರಿಸಿ ಒಂದು ಒಪ್ಪಂದವಾಯಿತು. ದೀಪಾವಳಿಯ ಹೊತ್ತಿಗೆ ಅತ್ತೆ ಯಾರ ಕೈಯೂ ಹಿಡಿಯದೆ ಗುಂಡಿಗೆ ಇಳಿದು, ಯಾರ ಕೈಯೂ ಹಿಡಿಯದೆ ಎದ್ದು ಬಂದರೆ ಮಗ್ಗ ಉಳಿಯುತ್ತದೆ. ಇಲ್ಲದಿದ್ದರೆ ಟೈಲ್ಸ್. ಕಾಲಿಗೆ ಬಲ ಬರಲು ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದರು. ಜಿಮ್ಮು ಇರುವುದು ಚಳ್ಳಕೆರೆಯಲ್ಲಿ, ಆ ಜಿಮ್ಮಿನಲ್ಲಿ ಹೆಸರಿರುವುದು ನನ್ನದು. ಸಿಕ್ಕಿಬಿದ್ದವನು ಯಾರು ಎಂದು ಬೇರೆ ಹೇಳಬೇಕೆ?

ನಮ್ಮ ಜಿಮ್ಮು ಒಂದು ಹಳೆಯ ಎಣ್ಣೆ ಮಿಲ್ಲಿನ ಗೋಡೌನಿನಲ್ಲಿದೆ. ಶೇಂಗಾ ಮೂಟೆ ಒಟ್ಟುತ್ತಿದ್ದ ಜಾಗದಲ್ಲಿ ಈಗ ಹುಡುಗರು ಬೆವರು ಸುರಿಸುತ್ತಾರೆ. ಗೋಡೆಗೆ ಇನ್ನೂ ಹಿಂಡಿಯ ವಾಸನೆ ಅಂಟಿಕೊಂಡಿದೆ. ಹತ್ತು ನಿಮಿಷ ಕೈಕಾಲು ಆಡಿಸಿದರೆ ಕೊಬ್ಬು ಕರಗುತ್ತದೋ ಇಲ್ಲವೋ, ಹಸಿವಂತೂ ಗ್ಯಾರಂಟಿ! ಕೋಚು ನನ್ನಿವಾಳದ ಹುಡುಗ. ಬಾಗಿಲು ತುಂಬುವಂಥ ಆಳು, ಮಾತು ಮಾತ್ರ ಮೆತ್ತಗೆ.

"ಅಜ್ಜೀ, ಮೊದ್ಲು ಕುರ್ಚಿ ಮ್ಯಾಲೆ ಕೂತು ಎದ್ದು ಮಾಡ್ರಿ. ಆಮ್ಯಾಲೆ ಸ್ವಲ್ಪ ತೂಕ ಎತ್ತೋಣ. ಟ್ರೆಡ್‌ಮಿಲ್ ಕೊನೇಗೆ" ಎಂದ.

ಒಂದೇ ಉಸಿರಿನಲ್ಲಿ ಎರಡು ತಪ್ಪು! ಮೊದಲನೆಯ ತಪ್ಪಿಗೆ, ಅಂದರೆ ಅಜ್ಜಿ ಎಂದದ್ದಕ್ಕೆ, ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು ಅಷ್ಟೆ. ಅವತ್ತಿನಿಂದ ಅವಳು "ಅಮ್ಮಾರು" ಆದಳು. ಎರಡನೆಯ ತಪ್ಪಿಗೆ ಮಾತ್ರ ಕ್ಷಮೆ ಇರಲಿಲ್ಲ.

"ತೂಕ ಮೊದ್ಲಾ? ಓಡೋದು ಕೊನೇಗಾ? ಯಾವೂರ ಕ್ರಮನೋ ಇದು?"

"ಮೊದ್ಲೇ ಓಡಿ ಸುಸ್ತಾದ್ರೆ ತೂಕ ಎತ್ತೋಕೆ ಬಲ ಇರಲ್ಲ ಅಮ್ಮಾರೆ. ನಿಮಗೆ ಬೇಕಿರೋದು ಬಲ."

"ಮುಂದು ಕಾಳ್ಳು, ತರ್ವಾತ ಚೇತುಲು!"

ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಗಡಿ ಕಡೆಯವರಿಗೆ ಇದೊಂದು ಅನುಕೂಲ, ಮನೆ ಮಾತಿಗೆ ಒಂದು ಭಾಷೆ, ಜಗಳಕ್ಕೆ ಇನ್ನೊಂದು. ಮೊದಲು ಕಾಲು, ಆಮೇಲೆ ಕೈ ಎಂದು ಅವಳ ಮಾತಿನ ಅರ್ಥ. ಇದು ಮಗ್ಗದ ಕಾನೂನು. ಕಾಲು ಹಲಗೆ ತುಳಿದಾಗ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಎರಡು ಪಾಲಾಗಿ ಬಾಯಿ ತೆರೆಯುತ್ತವೆ. ಆ ಬಾಯೊಳಗೆ ಕೈ ಲಾಳಿಯನ್ನು ಓಡಿಸಬೇಕು. ಕಾಲಿಗಿಂತ ಮುಂಚೆ ಕೈ ಆಡಿದರೆ ಲಾಳಿ ಎಳೆಗೆ ಬಡಿದು ರೇಷ್ಮೆ ಹರಿಯುತ್ತದೆ. ಓಡುವುದು ಕಾಲಿನ ಕೆಲಸ, ತೂಕ ಎತ್ತುವುದು ಕೈಯ ಕೆಲಸ. ಹಾಗಾದರೆ ಮೊದಲು ಯಾವುದು? ಅವಳೂರ ಹತ್ತಿರದ ಬ್ರಹ್ಮಗಿರಿಯ ಬಂಡೆಯ ಮೇಲೆ ಶಾಸನ ಬರೆಸಿದ ರಾಜ ಇದನ್ನು ಯಾಕೆ ಕೆತ್ತಿಸಿಲ್ಲ ಎನ್ನುವುದೊಂದೇ ಅತ್ತೆಗೆ ಅರ್ಥವಾಗದ ವಿಷಯ.

"ಅಮ್ಮಾರೆ, ಮನುಷ್ಯನ ಮೈ ಮಗ್ಗ ಅಲ್ಲ" ಎಂದು ಕೋಚು ನಮ್ರವಾಗಿ ಹೇಳಿದ.

"ಮತ್ತೆ ಇನ್ನೇನು?" ಎಂದಳು ಅತ್ತೆ.

ಅತ್ತೆ ನನ್ನ ಮಗಳ ಕ್ಯಾನ್ವಾಸ್ ಶೂ ಹಾಕಿಕೊಂಡು ಟ್ರೆಡ್‌ಮಿಲ್ ಹತ್ತಿಯೇಬಿಟ್ಟಳು. ಪಟ್ಟಿ ಓಡತೊಡಗಿತು. ನಾನು ಅವಳು ಬೀಳುತ್ತಾಳೆಂದು ಹಿಂದೆ ಕೈ ಚಾಚಿ ನಿಂತೆ. ಬೀಳುವುದೇ? ಜೀವಮಾನವಿಡೀ ಹಲಗೆ ತುಳಿದ ಕಾಲು ಅದು! ತಾಳ ಹಿಡಿದ ಹಾಗೆ ಟಪ ಟಪ ನಡೆದಳು, ನಡೆಯುತ್ತಲೇ ಆಗಾಗ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದ್ದಳು. ಇಳಿದ ಮೇಲೆ ಬಗ್ಗಿ ಯಂತ್ರದ ಕೆಳಗೂ ಇಣುಕಿದಳು.

"ಏನು ಹುಡುಕ್ತಿದೀಯತ್ತೆ?"

"ಇಷ್ಟೊತ್ತು ತುಳಿದ್ನಲ್ಲೋ ಅಳಿಯ, ಬಟ್ಟೆ ಎಲ್ಲಿ?"

ಯೋಚಿಸಿ ನೋಡಿ, ಅವಳ ಪ್ರಶ್ನೆಯಲ್ಲಿ ತಪ್ಪೇನಿದೆ? ಅಷ್ಟು ತುಳಿದರೆ ಮೊಳಕಾಲ್ಮೂರಿನಲ್ಲಿ ಗೇಣುದ್ದ ಸೀರೆಯಾದರೂ ಆಗುತ್ತದೆ. ಇಲ್ಲಿ ಒಂದು ಕೆಂಪು ಅಂಕಿ ಮಿನುಗಿ ಆರಿಹೋಗುತ್ತದೆ. ದಿನಾ ಅದೇ ಯಂತ್ರವನ್ನು ತುಳಿದು ಬರಿಗೈಯಲ್ಲಿ ಮನೆಗೆ ಹೋಗುವ ಹುಡುಗರನ್ನು ಕಂಡು ಅತ್ತೆ ನಿಜಕ್ಕೂ ಮರುಗಿದಳು.

ದಿನ ಕಳೆದಂತೆ ಜಿಮ್ಮಿನಲ್ಲಿ ಎರಡು ಪಕ್ಷಗಳಾದವು. ಓಟ ಮೊದಲು ಎನ್ನುವವರು ಅತ್ತೆಯ ಪಕ್ಷ, ತೂಕ ಮೊದಲು ಎನ್ನುವವರು ಕೋಚಿನ ಪಕ್ಷ. ಎದುರಿನ ಟೀ ಅಂಗಡಿಯಲ್ಲಿಯೂ ಇದೇ ಚರ್ಚೆ. ಅಲ್ಲಿ ಟೀ ಕುಡಿಯುತ್ತಿದ್ದ ಹಮಾಲಿಯೊಬ್ಬರನ್ನು ನಾನೇ ಕೇಳಿದೆ, "ಏನ್ರಿ, ನಿಮ್ಮ ಅನುಭವದಲ್ಲಿ ಓಡೋದು ಮೊದ್ಲಾ, ಎತ್ತೋದು ಮೊದ್ಲಾ?" ಅವರು ಬಸಿಯಲ್ಲಿದ್ದ ಟೀ ಮುಗಿಸಿ, "ಮೂಟೆ ಎತ್ಕೊಂಡೇ ಓಡ್ತೀವಲ್ಲ ಸಾರ್, ಬಿಡಿಬಿಡಿಯಾಗಿ ಮಾಡೋಕೆ ನಮಗೆಲ್ಲೈತೆ ಪುರುಸೊತ್ತು?" ಎಂದು ಎದ್ದುಹೋದರು.

ಅತ್ತೆಯ ಇನ್ನೊಂದು ಗುಣವೆಂದರೆ ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವುದು. ಜಿಮ್ಮಿನಲ್ಲಿ ಒಬ್ಬ ಹುಡುಗನಿದ್ದ. ಕನ್ನಡಿಯ ಮುಂದೆ ನಿಂತು ತೋಳು ಮಾತ್ರ ಬೆಳೆಸುತ್ತಿದ್ದ. ಅತ್ತೆ ಅವನನ್ನು ಬಹಳ ಹೊತ್ತು ನೋಡಿ, "ಯಾರ ಮಗನೋ ನೀನು? ಮ್ಯಾಲೆ ಆಲದ ಮರ, ಕೆಳಗೆ ಊದಿನಕಡ್ಡಿ ಇದ್ದಂಗೈತಲ್ಲೋ!" ಎಂದಳು. ಆ ಹುಡುಗ ಮರುದಿನದಿಂದ ಉದ್ದ ಪ್ಯಾಂಟು ಹಾಕಿಕೊಂಡು ಬಂದ. ಅದರ ಮರುದಿನದಿಂದ, ಆಣೆಗೂ ನಿಜ, ಕಾಲಿನ ವ್ಯಾಯಾಮ ಶುರು ಮಾಡಿದ!

ಭಾನುವಾರ ಜಿಮ್ಮಿಗೆ ರಜೆ. ಅತ್ತೆಗೆ ರಜೆ ಎಂದರೇನೆಂದು ಗೊತ್ತಿಲ್ಲ. ಬೆಳಗ್ಗೆ ನನ್ನನ್ನು ಎಬ್ಬಿಸಿ ಸ್ಕೂಟರಿನಲ್ಲಿ ಉಳ್ಳಾರ್ತಿ ಕಾವಲಿನ ಕಡೆ ಕರೆದುಕೊಂಡು ಹೋಗು ಎನ್ನುತ್ತಿದ್ದಳು. ಬಯಲಿನಲ್ಲಿ ಹುಲ್ಲು, ಆಚೆ ಬೇಲಿ, ಗಾಳಿ. ಅವಳು ಸೆರಗು ಬಿಗಿದು ರಸ್ತೆಯ ಅಂಚಿನಲ್ಲಿ ಹೊರಟರೆ ನಾನು ಹಿಂದೆ ಏದುಸಿರು ಬಿಡುತ್ತಾ ಹೋಗಬೇಕು. ಒಂದು ದಿನ ಆಗದೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳು ಕಣ್ಣಿಗೆ ಕಾಣದಷ್ಟು ದೂರ ಹೋಗಿ ವಾಪಸು ಬಂದು, "ಇಲ್ಲೇ ಇದೀಯಾ? ನೀನು ಮುಂದೆ ಹೋದೆ ಅನ್ಕೊಂಡು ನಾನು ಹುಡುಕ್ಕೊಂಡು ಹೋದೆ" ಎಂದಳು. ಅಣಕವೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಡಿಗೆ ಹೀಗೆ ಚುರುಕಾಯಿತು. ಏಳುವುದು? ಅಲ್ಲೇ ಇತ್ತು ತೊಂದರೆ.

ನಮ್ಮ ಹಿತ್ತಲಿನಲ್ಲಿ ನೆಲದೊಳಗೆ ಕಟ್ಟಿಸಿದ ಒಂದು ನೀರಿನ ತೊಟ್ಟಿ ಇದೆ, ಎದೆಮಟ್ಟದ ಆಳದ್ದು. ತೊಳೆಯಲೆಂದು ಅದನ್ನು ಖಾಲಿ ಮಾಡಿಸಿದ್ದೆವು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು. ಜಿಮ್ಮಿನಲ್ಲಿ ಮನಸೋ ಇಚ್ಛೆ ಟ್ರೆಡ್‌ಮಿಲ್ ತುಳಿದು ಬಂದ ದಿನವೇ, "ಗುಂಡಿ ಅಂದ್ರೆ ಗುಂಡೀನೇ, ನೋಡೇ ಬಿಡ್ತೀನಿ" ಎಂದು ಅದರೊಳಗೆ ಇಳಿದಳು. ಇಳಿದು ಒಳಗಿನ ಮೆಟ್ಟಿಲ ಮೇಲೆ ಕೂತಳು. ಏಳಲು ಹೋದರೆ ಕಾಲು ಗಡಗಡ ನಡುಗುತ್ತಿದೆ! ಓಟದಲ್ಲೇ ಬಲವೆಲ್ಲ ಖರ್ಚಾಗಿತ್ತು. ಹಿಂದಿನಿಂದ ನೂಕೋಣವೆಂದು ನಾನೂ ಇಳಿದೆ. ಅವಳೂ ಏಳಲಿಲ್ಲ, ಹತ್ತಲು ಹೋದ ನನಗೆ ನನ್ನ ಹೊಟ್ಟೆಯೇ ಅಂಚಿಗೆ ಅಡ್ಡ ಬಂತು. ಹೆಂಡತಿ ಬಟ್ಟೆ ಒಣಗಿಸಲು ಬಂದವಳು ತೊಟ್ಟಿಯಿಂದ ಎರಡು ತಲೆ ಇಣುಕುವುದನ್ನು ಕಂಡು ಬಕೀಟು ಕೈಬಿಟ್ಟಳು.

"ಏನ್ರೀ ಮಾಡ್ತಿದೀರಾ ಅಲ್ಲಿ?"

"ಕೂತಿದೀವಿ ಕಣಮ್ಮ" ಎಂದಳು ಅತ್ತೆ.

ಹೆಂಡತಿ ಸ್ಟೂಲು ಇಳಿಸಿ ನಮ್ಮನ್ನು ಒಬ್ಬೊಬ್ಬರಾಗಿ ಮೇಲೆ ತಂದಳು. ಅವಳಿಗೆ ಎಷ್ಟು ನಗು ಬಂತೆಂದರೆ ಮೂರು ದಿನ ನನ್ನ ಮುಖ ನೋಡಿದಾಗಲೆಲ್ಲ ನಕ್ಕಳು. ಆದರೆ ಅತ್ತೆ ನಗಲಿಲ್ಲ. ಊಟಕ್ಕೆ ಕೂತವಳು ಮುದ್ದೆಯನ್ನು ಮುರಿದು ಹಾಗೇ ಬಿಟ್ಟಳು.

"ಅವನು ಮುಚ್ಚಿಬಿಡ್ತಾನೆ ಕಣೋ" ಎಂದಳು ಕೊನೆಗೆ. "ಕೆಟ್ಟವನಲ್ಲ, ನನಗೇನಾದ್ರೂ ಆದೀತು ಅನ್ನೋ ಭಯಕ್ಕೇ ಮುಚ್ಚೋದು. ಆದ್ರೆ ಮುಚ್ಚಿದ್ಮ್ಯಾಲೆ ಆ ಮನ್ಯಾಗೆ ನಾನು ಎಲ್ಲಿ ಕೂತ್ಕಳ್ಳಲಿ?"

"ಕುರ್ಚಿ ಐತಲ್ಲತ್ತೆ."

"ಕುರ್ಚಿ ಮ್ಯಾಲೆ ಕೂತ್ರೆ ನಾನು ಮನೆಗೆ ಬಂದ ನೆಂಟ್ರಂಗೆ ಕಾಣ್ತೀನಿ."

ಈ ಒಂದು ಗುಂಡಿಗಾಗಿ ಅವಳು ಇಷ್ಟು ಹೋರಾಡುತ್ತಿರುವುದು ಹಟಕ್ಕಲ್ಲ ಎಂದು ಅವತ್ತು ನನಗೆ ಸರಿಯಾಗಿ ಅರ್ಥವಾಯಿತು.

ಮರುದಿನ ಅತ್ತೆ ಜಿಮ್ಮಿಗೆ ಹೋಗಿ ನೇರವಾಗಿ ಕುರ್ಚಿಯ ಹತ್ತಿರ ನಿಂತಳು. ಟ್ರೆಡ್‌ಮಿಲ್ಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೋಚಿನ ಮುಖದಲ್ಲಿ ಗೆಲುವಿನ ನಗೆ ಇನ್ನೂ ಪೂರ್ತಿ ಅರಳಿರಲಿಲ್ಲ, ಅಷ್ಟರಲ್ಲೇ ಅತ್ತೆ ಕೇಳಿದಳು.

"ಕುರ್ಚಿಯಿಂದ ಏಳೋದು ಯಾವುದ್ರ ಕೆಲಸ ತಮ್ಮಾ? ಕೈದಾ, ಕಾಲಿಂದಾ?"

"ಕಾಲಿಂದು ಅಮ್ಮಾರೆ. ತೊಡೇದು."

"ಮತ್ತೆ ನಾನು ಮೊದ್ಲಿಂದ ಅದನ್ನೇ ಬಡ್ಕೊಂಡ್ನಲ್ಲ, ಮೊದ್ಲು ಕಾಲು, ಆಮ್ಯಾಲೆ ಕೈ ಅಂತ! ನೀನೇ ಓಡಿಸಿ ಓಡಿಸಿ ನನ್ನ ದಾರಿ ತಪ್ಪಿಸಿದ್ದು!"

ಕೋಚು ಬಾಟಲಿ ಎತ್ತಿ ನೀರು ಕುಡಿದ. ವಾದದಲ್ಲಿ ಸೋತವರನ್ನು ನಾನು ಬಹಳ ನೋಡಿದ್ದೇನೆ. ತಾನು ಹೇಳಿದ್ದೇ ನಡೆದು, ತಾನೇ ಸೋತವನನ್ನು ನೋಡಿದ್ದು ಅದೇ ಮೊದಲು! ಆದರೂ ಒಳ್ಳೆಯ ಹುಡುಗ, "ಹೌದು ಅಮ್ಮಾರೆ, ನಂದೇ ತಪ್ಪು" ಎಂದು ಕೈಮುಗಿದು ಪಾಠ ಶುರು ಮಾಡಿದ.

ಅಲ್ಲಿಂದ ಅತ್ತೆಯ ಕ್ರಮವೇ ಬದಲಾಯಿತು. ಮೊದಲು ಕುರ್ಚಿ, ಆಮೇಲೆ ಕುರ್ಚಿಗಿಂತ ತಗ್ಗಿನ ಸ್ಟೂಲು, ಆಮೇಲೆ ಅಡುಗೆಮನೆಯ ಮಣೆ. ಕೈಯಲ್ಲಿ ಡಂಬಲ್ಸ್ ಹಿಡಿದು ಏಳು ಎಂದರೆ, "ಈ ಕಬ್ಬಿಣ ನನ್ನ ಮಾತು ಕೇಳಲ್ಲ" ಎಂದು ಮನೆಯಿಂದ ರಾಗಿಯ ಚೀಲ ತರಿಸಿದಳು. ರಾಗಿ ಚೀಲವನ್ನು ಕಂಕುಳಿನ ಕೂಸಿನಂತೆ ಅಪ್ಪಿಕೊಂಡು ಕೂತೆದ್ದಳು. ಎಲ್ಲ ಮುಗಿದ ಮೇಲೆ ಟ್ರೆಡ್‌ಮಿಲ್ಲನ್ನು ಸ್ವಲ್ಪ ತುಳಿಯುತ್ತಿದ್ದಳು. ಅದು ವ್ಯಾಯಾಮಕ್ಕಲ್ಲವಂತೆ, ಯಂತ್ರಕ್ಕೆ ಬೇಜಾರಾಗಬಾರದಂತೆ!

ದೀಪಾವಳಿ ಬಂತು. ನಾನು, ನನ್ನ ಹೆಂಡತಿ, ಮಗಳು ಅತ್ತೆಯನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆವು. ಕೋಚೂ ತಾನಾಗಿಯೇ ಬೈಕಿನಲ್ಲಿ ಹಿಂದೆ ಬಂದ. ಮನೆಯ ಬಾಗಿಲಲ್ಲಿ ಮರಳು ಸುರಿದಿತ್ತು, ಗೋಡೆಗೆ ಒರಗಿಸಿ ಟೈಲ್ಸಿನ ಡಬ್ಬಗಳು. ಅತ್ತೆ ಅವುಗಳ ಮೇಲೆ ತನ್ನ ಕೈಚೀಲ ಇಟ್ಟು ಒಳಗೆ ಹೋದಳು.

"ಕಾಫಿ ಕುಡಿದು ಮಾಡೋಣ ಅವ್ವಾ" ಎಂದ ಮಗ.

"ಗೆದ್ದು ಕುಡೀತೀನಿ, ಹಾಲು ಕಾಯ್ಸು" ಎಂದಳು.

ನಡುಕೋಣೆಯಲ್ಲಿ ನಾವೆಲ್ಲ ಗೋಡೆಗೆ ಅಂಟಿ ನಿಂತೆವು. ಅತ್ತೆ ಸೆರಗು ಸಿಕ್ಕಿಸಿ, ಮಗ್ಗಕ್ಕೆ ಕೈಮುಗಿದು, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಳು. ಬರೀ ಕೂತೆದ್ದರೆ ಆಟವಾಗುತ್ತದೆಂದು ಸ್ವಲ್ಪ ಹೊತ್ತು ನೇಯ್ದಳು. ಕಾಲು ತುಳಿಯಿತು, ಲಾಳಿ ಓಡಿತು. ಆಮೇಲೆ ಲಾಳಿ ಬದಿಗಿಟ್ಟು, ಒಂದೊಂದೇ ಕಾಲನ್ನು ಮೇಲಕ್ಕೆ ಎಳೆದುಕೊಂಡು, ಪಾದ ಊರಿ, ಬಗ್ಗಿದಳು. ಕೋಚು ನನ್ನ ಪಕ್ಕದಲ್ಲಿ ಪಿಸುಗುಟ್ಟುತ್ತಿದ್ದ, "ತೊಡೆ, ಅಮ್ಮಾರೆ, ತೊಡೆ..." ಮಗನ ಕೈ ತಾನಾಗಿಯೇ ಮುಂದಕ್ಕೆ ಹೋಗಿತ್ತು. ನಾನು ಹಿಡಿದು ಹಿಂದಕ್ಕೆ ಎಳೆದೆ. ಅತ್ತೆ ಎದ್ದಳು! ಗೋಡೆ ಹಿಡಿಯಲಿಲ್ಲ, ಕಂಬ ಹಿಡಿಯಲಿಲ್ಲ, ನೆಟ್ಟಗೆ ನಿಂತಳು!

ನಾವು ಚಪ್ಪಾಳೆ ಹೊಡೆದದ್ದು ಬೀದಿಗೆಲ್ಲ ಕೇಳಿಸಿರಬೇಕು. ನನ್ನ ಮಗಳು ಕುಣಿದಳು. ಕೋಚು ಕಣ್ಣೊರೆಸಿಕೊಂಡು, "ನೋಡ್ರಿ, ತೂಕ ಮೊದ್ಲು ಮಾಡಿದ್ದಕ್ಕೇ..." ಎಂದು ಶುರು ಮಾಡಿ ಅತ್ತೆಯ ಮುಖ ನೋಡಿ ನಿಲ್ಲಿಸಿದ. ಮಗ ಮಾತ್ರ ಪೆಚ್ಚಾಗಿ, ಒಳಗೊಳಗೇ ಹಿಗ್ಗುತ್ತಾ, "ಆಯ್ತವ್ವ, ಟೈಲ್ಸ್ ಹಿತ್ತಲಿಗೆ ಹಾಕಿಸ್ತೀನಿ. ಮಗ್ಗ ನಿಂದೇ" ಎಂದ.

ಅತ್ತೆ ಗೆದ್ದ ಮಾತು ಆಡಲಿಲ್ಲ. ಅವಳನ್ನು ಬಲ್ಲ ನಮಗೆ ಅದೇ ಆಶ್ಚರ್ಯ. ಗುಂಡಿಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಮತ್ತೆ ಅಂಚಿಗೆ ಹೋಗಿ, ಕಾಲು ಇಳಿಬಿಟ್ಟು ಕೂತುಬಿಟ್ಟಳು.

"ಯಾಕವ್ವಾ? ಸುಸ್ತಾಯ್ತಾ?" ಮಗ ಗಾಬರಿಯಾದ.

"ಇಲ್ಲ ಕಣೋ" ಎಂದಳು. ದನಿ ಬಹಳ ಸಣ್ಣಗಿತ್ತು. "ಇದ್ರಾಗಿಂದ ನಾನು ಒಬ್ಳೇ ಎದ್ದಿದ್ದು ಇವತ್ತೇ ಮೊದ್ಲು. ಯಾವಾಗ್ಲೂ ನಿಮ್ಮಪ್ಪ ಮೊದ್ಲು ಎದ್ದು ಬಂದು ಕೈ ಕೊಡೋರು. ನನ್ನ ಕಾಲಾಗೆ ಆಗ ಬೇಕಾದಷ್ಟು ಬಲ ಇತ್ತು. ಏಳೋಕೆ ಆಗ್ದೆ ಹಿಡೀತಿದ್ನಾ? ಕೊಡ್ತಾರಲ್ಲ ಅಂತ ಹಿಡೀತಿದ್ದೆ."

ಅತ್ತೆ ಮಗನ ಕಡೆ ಕೈ ಚಾಚಿದಳು.

"ಗೆದ್ದಿದ್ದಾಯ್ತಲ್ಲ, ಈಗ ಕೈ ಕೊಡು ಬಾ" ಎಂದಳು.